ಭದ್ರಾವತಿಯ ಹಳೇ ಮೆಟಲ್ ಬ್ಯಾಂಡ್ ಮತ್ತೆ ಸ್ಟೇಜಿಗೆ: ಶಿವಮೊಗ್ಗದ ಶೋ ಹೇಗಿತ್ತು?

ಮೊದಲೇ ಹೇಳಿಬಿಡುತ್ತೇನೆ, ಇವರು ಮತ್ತೆ ಎಲ್ಲಾದರೂ ಶೋ ಇಟ್ಟರೆ ಹೋಗಿ. ಶುರುವಾಗಿದ್ದು ತಡ. ಮೊದಲ ಅರ್ಧ ತಾಸು ಸೌಂಡ್ ಕೆಟ್ಟದಾಗಿತ್ತು. ಮಧ್ಯೆ ಸನ್ಮಾನ ಅಂತ ಎಳೆದರು. ಗಾಡಿ ನಿಲ್ಲಿಸುವ ಜಾಗ ಪೂರ್ತಿ ಕೆಸರು. ಇಷ್ಟೆಲ್ಲ ಇದ್ದರೂ ಹೋಗಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ರಾತ್ರಿ ಸ್ಪೀಕರಿನಿಂದ ಬಂದ ಒಂದೊಂದು ಸ್ವರವನ್ನೂ ಸ್ಟೇಜ್ ಮೇಲೆ ನಿಂತವರೇ ಹಾಡಿದರು, ಅವರೇ ನುಡಿಸಿದರು. ರೆಕಾರ್ಡ್ ಮಾಡಿದ್ದನ್ನು ಹಿಂದಿನಿಂದ ಬಿಡೋಕೆ ಲ್ಯಾಪ್‌ಟಾಪ್ ಒಂದೂ ಇರಲಿಲ್ಲ. ಅರವತ್ತರ ಹತ್ತಿರ ಬಂದ ಮೇಲೆ ಈ ಥರದ ಹಾಡುಗಳನ್ನು ಹಾಗೆ ಹಾಡೋದು ಎಷ್ಟು ಕಷ್ಟ ಅಂತ ಕೇಳುವವರಿಗೆ ಗೊತ್ತಿರುತ್ತದೆ.

ಬ್ಯಾಂಡಿನ ಹೆಸರು ಹಾಕುತ್ತಿಲ್ಲ. ಎಲ್ಲರೂ ಈಗ ಕೆಲಸ, ವ್ಯವಹಾರ ಅಂತ ಇರುವವರು, ಹೆಸರು ಬರೆಯೋದು ಬೇಡ ಅಂದರು. ಭದ್ರಾವತಿ ನ್ಯೂಟೌನ್ ಕಡೆಯ ಹಳಬರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ ಫ್ಯಾಕ್ಟರಿ ಕ್ವಾರ್ಟರ್ಸಿನ ಹುಡುಗರು ಸೇರಿ ಕಟ್ಟಿದ್ದು. ಆಗ ಊರಲ್ಲಿ ಕಬ್ಬಿಣದ ಕಾರ್ಖಾನೆಯೂ ಎಂಪಿಎಂ ಕಾಗದದ ಕಾರ್ಖಾನೆಯೂ ಜೋರಾಗಿ ನಡೆಯುತ್ತಿದ್ದವು. ದೇಶದ ಬೇರೆ ಬೇರೆ ಕಡೆಯ ಜನ ಕ್ವಾರ್ಟರ್ಸಿನಲ್ಲಿದ್ದರು. ಚರ್ಚಿನಲ್ಲಿ ಕೀಬೋರ್ಡ್ ಕಲಿತವನು ಒಬ್ಬ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಕಾಂಗೋ ಬಾರಿಸುತ್ತಿದ್ದವನು ಇನ್ನೊಬ್ಬ, ಹೀಗೆ ಐದು ಜನ. ಗಿವ್ಸನ್ ಕಂಪನಿಯ ಗಿಟಾರು, ಯಾರದ್ದೋ ಮನೆಯ ಕಾರ್ ಶೆಡ್ಡು. ಆರ್ಕೆಸ್ಟ್ರಾಗಳೆಲ್ಲ ಸಿನಿಮಾ ಹಾಡು ನುಡಿಸುತ್ತಿದ್ದಾಗ ಇವರು ಬಾನ್ ಜೋವಿ, ಡೆಫ್ ಲೆಪರ್ಡ್, ಯುರೋಪ್, ಪಾಯ್ಸನ್ ಇಂಥ ವಿದೇಶದ ಗ್ಲಾಮ್ ಮೆಟಲ್ ಬ್ಯಾಂಡುಗಳ ಹಾಡು ನುಡಿಸುತ್ತಿದ್ದರು. ತೊಂಬತ್ತರ ದಶಕದ ಮಧ್ಯದಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಗಲ್ಫ್ ಅಂತ ಹೊರಟರು, ಅಲ್ಲಿಗೆ ನಿಂತಿತು. ಈಗ ಮತ್ತೆ ಅದೇ ಐದು ಜನ. ಒಬ್ಬರೂ ಬದಲಾಗಿಲ್ಲ. ಎಷ್ಟೋ ದೊಡ್ಡ ಬ್ಯಾಂಡುಗಳಿಗೂ ಇದು ಸಾಧ್ಯವಾಗಿಲ್ಲ.

ಗ್ಲಾಮ್ ಮೆಟಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಲೇಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಇದರ ತವರು ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ ಎಂಬ ರಸ್ತೆ, ಅಲ್ಲಿನ ಕ್ಲಬ್ಬುಗಳು. ಎಪ್ಪತ್ತರ ದಶಕದ ಬ್ರಿಟಿಷ್ ಗ್ಲಾಮ್ ಬ್ಯಾಂಡುಗಳಾದ ಸ್ಲೇಡ್, ಸ್ವೀಟ್, ಟಿ ರೆಕ್ಸ್ ಇವರ ಕುಣಿಸುವ ಕೋರಸ್ಸು, ಹೊಳೆಯುವ ಬಟ್ಟೆ. ಅದಕ್ಕೆ ಹೆವಿ ಮೆಟಲ್ಲಿನ ಗಿಟಾರು. 1981ರಲ್ಲಿ ಎಂಟಿವಿ ಎಂಬ ಹಾಡುಗಳ ಟಿವಿ ಚಾನೆಲ್ ಶುರುವಾಯಿತು. ಹಾಡು ಕೇಳೋದಷ್ಟೇ ಅಲ್ಲ, ನೋಡೋದೂ ಆಯಿತು. ಕೆದರಿದ ಕೂದಲು, ತುಟಿಗೆ ಬಣ್ಣ, ಬಿಗಿ ಪ್ಯಾಂಟಿನ ಈ ಹುಡುಗರಿಗೆ ಅದು ಹೇಳಿ ಮಾಡಿಸಿದಂತಿತ್ತು. 1983ರಲ್ಲಿ ಕ್ವಯಟ್ ರಯಟ್ ಬ್ಯಾಂಡಿನ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ನಂಬರ್ ಒನ್ ಆಯಿತು. ಹೆವಿ ಮೆಟಲ್ ಆಲ್ಬಂ ಒಂದಕ್ಕೆ ಆ ಜಾಗ ಸಿಕ್ಕಿದ್ದು ಅದೇ ಮೊದಲು, ಅದರಲ್ಲಿ ಹಿಟ್ ಆದ ಹಾಡು ಸ್ಲೇಡ್‌ನದ್ದೇ ಹಳೇ ಹಾಡು. 1986, 1987 ಈ ಸಂಗೀತದ ಸುಗ್ಗಿಕಾಲ. 1991ರಲ್ಲಿ ನಿರ್ವಾಣ ಎಂಬ ಬೇರೆ ಥರದ ರಾಕ್ ಬ್ಯಾಂಡಿನ ಎರಡನೇ ಆಲ್ಬಂ ಬಂದಿದ್ದೇ, ಒಂದೆರಡು ವರ್ಷದಲ್ಲಿ ಎಲ್ಲ ಮಡಚಿ ಇಟ್ಟರು. ಹೇರ್ ಬ್ಯಾಂಡ್ ಅಂತ ಹಂಗಿಸುವ ಮಾತು ಜಾಸ್ತಿಯಾಗಿದ್ದೂ ಆಮೇಲೆಯೇ. ನನಗೆ ಆ ಹಂಗಿಸೋದು ಯಾವತ್ತೂ ಇಷ್ಟವಾಗಿಲ್ಲ. ಇಷ್ಟು ಗಟ್ಟಿ ರಾಗ, ಇಷ್ಟು ಖುಷಿ ಇರುವ ಹಾಡು ಬರೆಯೋದು ಸುಮ್ನೆ ಆಗೋ ಕೆಲಸ ಅಲ್ಲ.

ನಮ್ಮ ಮಲೆನಾಡಿಗೆ ಇದು ಬಂದಿದ್ದು ಕ್ಯಾಸೆಟ್ಟಿನಲ್ಲಿ. ಖಾಲಿ ಕ್ಯಾಸೆಟ್ ಕೊಟ್ಟು ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲ. ನಮ್ಮನೆಯಲ್ಲಿ ಆ ಕೆಲಸ ಅಣ್ಣನದ್ದು. ಹಾಗಾಗಿ ಶೋ ಇದೆ ಅಂತ ಗೊತ್ತಾದ ತಕ್ಷಣ ಅವನಿಗೆ ಫೋನ್ ಮಾಡಿದೆ. ಅವನು ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಸುವ ಕೆಲಸ ಆಗಷ್ಟೇ ಮುಗಿಸಿದ್ದ. ಅವನ ಮಗಳೂ ಹೊರಟಳು. ಅವಳು ಪಿಯುಸಿ, ಕೇಳೋದೆಲ್ಲ ಕೊರಿಯಾದ ಹಾಡು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವವರೆಗೂ ಮಳೆ ಬಿಡಲೇ ಇಲ್ಲ. ಆಷಾಢದ ಮಳೆಯಲ್ಲಿ ಶೋ ಇಟ್ಟಿದ್ದಕ್ಕೆ ಅಣ್ಣ ದಾರಿಯುದ್ದಕ್ಕೂ ಗೊಣಗಿದ. ಆದರೆ ಕೃಷಿಕರಿಗೆ, ಅಡಿಕೆ ವ್ಯಾಪಾರದವರಿಗೆ ಸ್ವಲ್ಪ ಬಿಡುವು ಸಿಗೋದೂ ಆಗಲೇ ಅಲ್ವಾ. ಅಲ್ಲಿ ಬಂದಿದ್ದ ಜನ ನೋಡಿದರೆ ಲೆಕ್ಕಾಚಾರ ತಪ್ಪಿರಲಿಲ್ಲ.

ಜಾಗ ಊರ ಹೊರಗಿನ ಒಂದು ಮದುವೆ ಹಾಲ್. ಮೇಲೆ ತಗಡಿನ ಶೀಟು. ಟಿಕೆಟ್ 300 ಮತ್ತು 600. ಆರೂವರೆಗೆ ಅಂತ ಹಾಕಿದ್ದರು, ಶುರುವಾಗಿದ್ದು ಏಳೂವರೆ ದಾಟಿದ ಮೇಲೆ. ಕರೆಂಟು ಹೋಗಿ ಬಂದು ಆಡುತ್ತಿತ್ತು, ಜನರೇಟರಿಗೆ ಹಾಕುವಾಗ ಏನೋ ಟ್ರಿಪ್ ಆಯಿತು. ಅದು ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಒಬ್ಬರಾದರೂ ಮೈಕ್ ಹಿಡಿದು ಹೀಗಾಗಿದೆ, ಸ್ವಲ್ಪ ತಾಳಿ ಅಂತ ಹೇಳಬಹುದಿತ್ತು. ಜನ ಕತ್ತಲಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೆವು.

ಶುರು ಮಾಡಿದ್ದು ಯುರೋಪ್ ಬ್ಯಾಂಡಿನ 1986ರ ಆ ಕೀಬೋರ್ಡ್ ಹಾಡಿನಿಂದ. ಸ್ವೀಡನ್ನಿನ ಆ ಬ್ಯಾಂಡು ಅದನ್ನು ಮಾಡಿದ್ದೇ ಶೋ ಶುರು ಮಾಡೋಕೆ ಇರಲಿ ಅಂತ. ಕತ್ತಲಲ್ಲಿ ಆ ಕೀಬೋರ್ಡು ಎದ್ದಾಗ ಹಿಂದಿನ ಸಾಲಿನಲ್ಲಿದ್ದ ಐವತ್ತರ ಆಸುಪಾಸಿನ ಗಂಡಸರೆಲ್ಲ ಒಟ್ಟಿಗೇ ಎದ್ದು ನಿಂತರು. ಅಷ್ಟರಲ್ಲಿ ಗಿಟಾರು ಸೇರಿಕೊಂಡಿತು, ಅಲ್ಲಿಗೆ ಸೌಂಡು ಕೆಟ್ಟಿತು. ಸೌಂಡಿನವರು ಅದನ್ನು ಡಿಜೆಗೆ ಸೆಟ್ ಮಾಡಿದಂತೆ ಸೆಟ್ ಮಾಡಿದ್ದರು. ಬರೀ ಬೇಸ್. ಎದೆಗೆ ಗುದ್ದುತ್ತದೆ, ಹಾಡು ಕೇಳಲ್ಲ. ಗ್ಲಾಮ್ ಮೆಟಲ್ಲಿನಲ್ಲಿ ಬೇಸ್ ಗಿಟಾರಿನ ಕೆಲಸ ದೊಡ್ಡದಲ್ಲ, ಬಹಳ ಸಲ ಒಂದೇ ಸ್ವರವನ್ನು ಡ್ರಮ್ಸಿನ ಜೊತೆ ಹಿಡಿದುಕೊಂಡು ಹೋಗುತ್ತದೆ. ಮೇಲೆ ಕೇಳಬೇಕಾದ್ದು ಗಿಟಾರು, ಅದರ ಮೇಲೆ ದನಿ, ಎಲ್ಲದರ ಮೇಲೆ ಕೋರಸ್ಸು. ಇಲ್ಲಿ ಅದೇ ತಲೆಕೆಳಗಾಗಿತ್ತು. ನಾಲ್ಕನೇ ಹಾಡಿನ ಹೊತ್ತಿಗೆ ಕೀಬೋರ್ಡಿನವರೇ ಇಳಿದು ಬಂದು ಮಿಕ್ಸರಿನ ಹತ್ತಿರ ನಿಂತು, ಕೈ ತೋರಿಸಿ ತೋರಿಸಿ ಇಳಿಸಿದರು. ಪಕ್ಕದ ಬಾಗಿಲುಗಳ ದಪ್ಪ ಪರದೆಗಳನ್ನೂ ಎಳೆಸಿದರು, ಅದರಿಂದ ಹಾಲಿನ ಪ್ರತಿಧ್ವನಿ ಎಷ್ಟೋ ತಗ್ಗಿತು. ಅಲ್ಲಿಂದ ಮುಂದೆ ಬೇರೆಯದೇ ಶೋ.

ಮುಂದೆ ಅಂದರೆ, ಸನ್ಮಾನ ಮುಗಿದ ಮೇಲೆ. ನಾಲ್ಕು ಹಾಡು ಆಗಿ, ಸೌಂಡು ಸರಿಯಾಗಿ, ಜನ ಬಿಸಿಯಾಗಿದ್ದಾರೆ, ಆಗ ಲೈಟ್ ಹಾಕಿ ಕುರ್ಚಿ ತಂದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಒಬ್ಬರು ಪ್ರಾಸ್ತಾವಿಕ, ಒಬ್ಬರು ಅಧ್ಯಕ್ಷೀಯ. ಮುಖಕ್ಕೆ ಬಣ್ಣ ಹಚ್ಚಿ, ಚರ್ಮದ ಜಾಕೆಟ್ ಹಾಕಿಕೊಂಡ ಐದು ಜನ ಬೆವರುತ್ತಾ ಕುರ್ಚಿಯ ಮೇಲೆ ಕೂತು ಭಾಷಣ ಕೇಳಬೇಕಾಯಿತು. ಅವರಿಗೆ ಗೌರವ ಸಲ್ಲಬೇಕು, ಖಂಡಿತ ಸಲ್ಲಬೇಕು. ಆದರೆ ಅದನ್ನು ಶೋಗಿಂತ ಮೊದಲೇ ಮುಗಿಸಿ. ಹಾಡುವವರ ಗಂಟಲು ಒಮ್ಮೆ ಬಿಸಿಯಾದ ಮೇಲೆ ತಣ್ಣಗಾಗಲು ಬಿಡಬಾರದು, ಈ ವಯಸ್ಸಿನಲ್ಲಂತೂ ಬಿಡಲೇಬಾರದು. ಸನ್ಮಾನದ ನಂತರದ ಮೊದಲ ಹಾಡಿನಲ್ಲಿ ಅವರ ದನಿ ಎರಡು ಕಡೆ ಒಡೆಯಿತು. ಅದಕ್ಕೆ ಅವರು ಹೊಣೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಹಾಡುಗಳನ್ನು ಬರೆದಾಗ ಆ ಮೂಲ ಬ್ಯಾಂಡುಗಳ ಹುಡುಗರಲ್ಲಿ ಹೆಚ್ಚಿನವರಿಗೆ ಇಪ್ಪತ್ತು ಚಿಲ್ಲರೆ ವಯಸ್ಸು. ಗಂಟಲು ಹರಿಯುವಷ್ಟು ಮೇಲೆ ಕೂಗೋದೇ ಆಗಿನ ಫ್ಯಾಷನ್. ನಲವತ್ತು ವರ್ಷ ಆದ ಮೇಲೆ ಅದೇ ಹಾಡನ್ನು ಅದೇ ಶ್ರುತಿಯಲ್ಲಿ ಹಾಡೋದು ಸಾಧ್ಯವಿಲ್ಲ. ಬಾನ್ ಜೋವಿ ಬ್ಯಾಂಡಿನ ಗಾಯಕ ಜಾನ್ ಬಾನ್ ಜೋವಿಗೆ 2022ರಲ್ಲಿ ಧ್ವನಿತಂತುವಿನ ಆಪರೇಷನ್ನೇ ಆಯಿತು. ಆಗ ಬ್ಯಾಂಡುಗಳ ಮುಂದೆ ಇರುವ ದಾರಿಗಳು ಕೆಲವೇ. ಒಂದು, ನಿಲ್ಲಿಸೋದು. ಇನ್ನೊಂದು, ಮೊದಲೇ ರೆಕಾರ್ಡ್ ಮಾಡಿದ ದನಿಯನ್ನು ಹಿಂದಿನಿಂದ ಬಿಟ್ಟು, ಎದುರಿಗೆ ಬಾಯಿ ಆಡಿಸೋದು. ಮತ್ತೊಂದು, ಶ್ರುತಿ ಇಳಿಸಿ ನಿಜವಾಗಿ ಹಾಡೋದು.

ಇದೇ ಗ್ಲಾಮ್ ಮೆಟಲ್ಲಿನ ಅಮೆರಿಕದ ಬ್ಯಾಂಡು ಮಾಟ್ಲಿ ಕ್ರೂ ಕಥೆ ಗೊತ್ತಿರಬಹುದು. ಇನ್ನು ಟೂರ್ ಮಾಡಲ್ಲ ಅಂತ 2014ರಲ್ಲಿ ಎಲ್ಲರೂ ಕೂತು ಒಪ್ಪಂದಕ್ಕೆ ಸಹಿ ಹಾಕಿದರು. 2015ರ ಡಿಸೆಂಬರ್ 31ಕ್ಕೆ ಲಾಸ್ ಏಂಜಲೀಸಿನಲ್ಲಿ ಕೊನೇ ಶೋ ಅಂತ ಮಾಡಿದರು. 2019ರಲ್ಲಿ ಆ ಒಪ್ಪಂದವನ್ನೇ ಬಾಂಬ್ ಇಟ್ಟು ಉಡಾಯಿಸುವ ವಿಡಿಯೋ ಬಿಟ್ಟು ವಾಪಸ್ ಬಂದರು, 2022ರಲ್ಲಿ ಡೆಫ್ ಲೆಪರ್ಡ್ ಜೊತೆ ಸ್ಟೇಡಿಯಂಗಳಲ್ಲಿ ನುಡಿಸಿದರು. ಮರುವರ್ಷ ಅವರದ್ದೇ ಗಿಟಾರಿಸ್ಟ್ ಮಿಕ್ ಮಾರ್ಸ್ ಕೋರ್ಟಿಗೆ ಹೋದರು. ಉಳಿದವರು ರೆಕಾರ್ಡ್ ಮಾಡಿದ್ದನ್ನು ಹಾಕಿಕೊಂಡು ನುಡಿಸಿದಂತೆ ನಟಿಸುತ್ತಾರೆ ಅನ್ನೋದೂ ಅವರ ಆರೋಪದಲ್ಲಿ ಒಂದು. ಬ್ಯಾಂಡ್ ಅದನ್ನು ಒಪ್ಪಲಿಲ್ಲ. ಯಾರು ಸರಿ ಅಂತ ನಾನು ಹೇಳೋಕೆ ಹೋಗಲ್ಲ. ಆದರೆ ಯಾವುದೇ ಹಳೇ ಬ್ಯಾಂಡ್ ವಾಪಸ್ ಬಂದರೂ ಕೇಳುವವರ ಮನಸ್ಸಿನಲ್ಲಿ ಈಗ ಆ ಅನುಮಾನ ಇದ್ದೇ ಇರುತ್ತದೆ.

ನಮ್ಮ ಭದ್ರಾವತಿಯವರು ಮೂರನೇ ದಾರಿ ಹಿಡಿದರು, ಅದನ್ನು ಮುಚ್ಚಿಡಲೂ ಇಲ್ಲ. ಹಾಡುವವರು ಎರಡನೇ ಹಾಡಿನ ನಂತರ ಮೈಕಿನಲ್ಲೇ ಹೇಳಿದರು: "ಎಲ್ಲ ಹಾಡನ್ನೂ ಒಂದು ಸ್ವರ ಕೆಳಗೆ ಇಳಿಸಿದೀವಿ, ಗಂಟಲು ಇರೋದು ಇಷ್ಟೇ, ಇರೋದರಲ್ಲಿ ಪೂರ್ತಿ ಕೊಡ್ತೀವಿ." ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು, ಮೊಮ್ಮಗನ ಜೊತೆ ಬಂದವರು, ತಲೆಯಾಡಿಸಿ ಹೇಳಿದ್ದು ಹೀಗೆ: "ನಮ್ಮ ಮೇಳದಲ್ಲಿ ಭಾಗವತರೂ ವಯಸ್ಸಾದ ಮೇಲೆ ಶ್ರುತಿ ಇಳಿಸ್ಕೊಳ್ತಾರೆ ಮಾರಾಯ್ರೆ. ಕಪ್ಪು ಮೂರರಲ್ಲಿ ಹಾಡೋರು ಕಪ್ಪು ಒಂದಕ್ಕೆ ಬರ್ತಾರೆ. ಪದ್ಯ ಕೆಡಬಾರ್ದು, ಅಷ್ಟೇ." ಕಪ್ಪು ಮೂರು, ಕಪ್ಪು ಒಂದು ಅಂದರೆ ಹಾರ್ಮೋನಿಯಂನ ಕಪ್ಪು ಮನೆಗಳಿಂದ ಶ್ರುತಿ ಹೇಳುವ ಲೆಕ್ಕ. ಅವರ ಮಾತು ನೂರಕ್ಕೆ ನೂರು ಸರಿ.

ಶ್ರುತಿ ಇಳಿಸೋದು ಅಂದರೆ ಕೀ ತಿರುಗಿಸಿ ಬಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ತಂತಿ ಸಡಿಲವಾಗುತ್ತದೆ, ಜೋರಾಗಿ ಹೊಡೆದರೆ ಬಡಿಯುತ್ತದೆ, ಸ್ವರ ಅಲ್ಲಾಡುತ್ತದೆ. ಅದಕ್ಕೆ ದಪ್ಪ ತಂತಿ ಹಾಕಬೇಕು. ದಪ್ಪ ತಂತಿ ಹಾಕಿದರೆ ಗಿಟಾರ್ ಸೋಲೋದಲ್ಲಿ ತಂತಿ ಎಳೆದು ಸ್ವರ ಏರಿಸುವಾಗ ಬೆರಳಿಗೆ ಜಾಸ್ತಿ ಕೆಲಸ. ಲೀಡ್ ಗಿಟಾರಿನವರು ಇಂಟರ್ವಲ್ಲಿನಲ್ಲಿ ಎಡಗೈ ತೋರಿಸಿದರು. ಬೆರಳ ತುದಿಗಳಿಗೆ ಮೆಡಿಕಲ್ ಟೇಪ್ ಸುತ್ತಿತ್ತು, ಉಂಗುರ ಬೆರಳಿನ ಟೇಪ್ ಸೀಳಿತ್ತು. ಹಾಗೆ ನೋಡಿದರೆ ಗನ್ಸ್ ಎನ್ ರೋಸಸ್ 1987ರ ಮೊದಲ ಆಲ್ಬಂನಿಂದಲೇ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಂಡವರು. ಅದರಿಂದ ಗಿಟಾರಿಗೆ ಒಂಥರಾ ತೂಕ ಬರುತ್ತದೆ. ಈ ಶೋದಲ್ಲೂ ಅದು ಚೆನ್ನಾಗಿ ಕೇಳಿಸಿತು. ಕೆಲವು ಹಾಡುಗಳು ಕ್ಯಾಸೆಟ್ಟಿನಲ್ಲಿ ಇದ್ದುದಕ್ಕಿಂತ ಗಂಭೀರವಾಗಿ, ಭಾರವಾಗಿ ಬಂದವು. ನನಗೆ ಅದು ಇನ್ನೂ ಹಿಡಿಸಿತು.

ಇನ್ನು ಕೋರಸ್ಸು. ಈ ಹಾಡುಗಳ ಜೀವ ಇರೋದೇ ಅಲ್ಲಿ. ಡೆಫ್ ಲೆಪರ್ಡಿನ 1987ರ ಆಲ್ಬಂನಲ್ಲಿ ಮಟ್ ಲ್ಯಾಂಗ್ ಅನ್ನೋ ಪ್ರೊಡ್ಯೂಸರ್ ಅವರ ದನಿಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಜೋಡಿಸಿ, ಕೆಲವೇ ಜನ ಹಾಡಿದ್ದು ಊರಿಗೆ ಊರೇ ಹಾಡಿದ ಹಾಗೆ ಮಾಡಿದ್ದರು. ಸ್ಟೇಜಿನಲ್ಲಿ ಅದನ್ನು ಹೇಗೆ ತರುತ್ತೀರಿ? ಬಹಳ ಜನ ಇಲ್ಲೇ ಲ್ಯಾಪ್‌ಟಾಪ್ ಹಿಡಿಯೋದು. ಇವರು ಭದ್ರಾವತಿಯ ಚರ್ಚೊಂದರ ಗಾಯಕ ತಂಡದಿಂದ ನಾಲ್ಕು ಹೆಂಗಸರು, ಇಬ್ಬರು ಹುಡುಗರನ್ನು ಕರೆತಂದು ಸ್ಟೇಜಿನ ಎಡಕ್ಕೆ ಎರಡು ಮೈಕ್ ಕೊಟ್ಟು ನಿಲ್ಲಿಸಿದ್ದರು. ಅವರು ಮಾಮೂಲಿ ಸೀರೆ, ಚೂಡಿದಾರದಲ್ಲೇ ಇದ್ದರು. ಅಬ್ಬಾ, ಎಂಥಾ ಕೋರಸ್ಸು ಗೊತ್ತಾ. ಬಾನ್ ಜೋವಿಯ 1986ರ ದೊಡ್ಡ ಹಾಡಿನಲ್ಲಿ ಕೊನೇ ಕೋರಸ್ಸು ಇದ್ದಕ್ಕಿದ್ದಂತೆ ಮೂರು ಅರ್ಧಸ್ವರ ಮೇಲಕ್ಕೆ ಜಿಗಿಯುತ್ತದೆ. ಹಾಡುವವರ ಪ್ರಾಣ ಹೋಗುವ ಜಾಗ ಅದು. ಇವರು ಆ ಜಿಗಿತವನ್ನು ಬಿಡಲಿಲ್ಲ. ಮೇಲಿನ ಸಾಲನ್ನು ಆ ಹೆಂಗಸರಿಗೆ ಕೊಟ್ಟು, ತಾವು ಕೆಳಗಿನ ದನಿಯಲ್ಲಿ ಜೊತೆಗೆ ನಿಂತರು. ಹಾಡಿಗೆ ಏನೂ ಕಮ್ಮಿಯಾಗಲಿಲ್ಲ. ಕಮ್ಮಿಯಾಗಿದ್ದು ಹಾಡುವವರ ಹೆಮ್ಮೆ ಮಾತ್ರ ಅಂತ ಯಾರಾದರೂ ಅನ್ನಬಹುದು, ನಾನು ಒಪ್ಪಲ್ಲ. ಸ್ವಂತ ದನಿಯ ಮಿತಿ ಗೊತ್ತಿದ್ದು ಹಾಡನ್ನು ಉಳಿಸಿಕೊಂಡವರಿಗೆ ಹೆಮ್ಮೆ ಪಡಲು ಹಕ್ಕಿದೆ.

ಅದೇ ಹಾಡಿನ ಶುರುವಿನಲ್ಲಿ ಗಿಟಾರು ಮಾತಾಡಿದ ಹಾಗೆ 'ವಾವ್ ವಾವ್' ಅಂತ ಒಂದು ಸದ್ದು ಬರುತ್ತದಲ್ಲ, ಅದಕ್ಕೆ ಟಾಕ್ ಬಾಕ್ಸ್ ಅನ್ನುತ್ತಾರೆ. ಗಿಟಾರಿನ ಸದ್ದನ್ನು ಸಣ್ಣ ಪೈಪಿನ ಮೂಲಕ ಬಾಯಿಯೊಳಗೆ ಬಿಡುತ್ತಾರೆ. ನುಡಿಸುವವರು ಗಂಟಲಿನಿಂದ ದನಿ ತೆಗೆಯಲ್ಲ, ಬಾಯಿಯನ್ನು ಅ, ಇ, ಓ ಅನ್ನುವ ಹಾಗೆ ಆಡಿಸುತ್ತಾರೆ ಅಷ್ಟೇ, ಬಾಯಿಯಿಂದ ಬರುವ ಸದ್ದನ್ನು ಹಾಡುವ ಮೈಕು ಹಿಡಿಯುತ್ತದೆ. ಬಾಬ್ ಹೈಲ್ ಅನ್ನುವವರು 1973ರಲ್ಲಿ ದೊಡ್ಡ ಸ್ಟೇಜಿಗೆ ಆಗುವಂಥದ್ದನ್ನು ಮಾಡಿದ್ದು, ಹಾರ್ನ್ ಸ್ಪೀಕರಿಗೆ ಹಾಕುವ ಡ್ರೈವರನ್ನೇ ಬಳಸಿ. ಇವರ ಲೀಡ್ ಗಿಟಾರಿನವರು ಆ ಕಾಲದಲ್ಲೇ ಅದರ ವಿಷಯ ಎಲ್ಲೋ ಓದಿ, ತಾವೇ ಒಂದು ಮಾಡಿಕೊಂಡಿದ್ದರಂತೆ. ಇಂಟರ್ವಲ್ಲಿನಲ್ಲಿ ಸ್ಟೇಜಿನ ಹತ್ತಿರ ಹೋಗಿ ನೋಡಿದೆ. ಅಹುಜಾ ಹಾರ್ನಿನ ಯೂನಿಟ್ಟು, ಜಾತ್ರೆಯಲ್ಲಿ ಮರಕ್ಕೆ ಕಟ್ಟುವ ಹಾರ್ನಿನ ಹಿಂದೆ ಇರುತ್ತದಲ್ಲ ಅದೇ. ಅದನ್ನು ಹಲಸಿನ ಹಲಗೆಯ ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಅದರ ಬಾಯಿಗೆ ಗಾರೆಯವರ ಲೆವೆಲ್ ಪೈಪು. ಪಾರದರ್ಶಕ ಪೈಪು ಹಳದಿಯಾಗಿತ್ತು, ಕಚ್ಚುವ ತುದಿಯನ್ನು ಮಾತ್ರ ಕತ್ತರಿಸಿ ಹೊಸದು ಜೋಡಿಸಿದ್ದರು. ಮೈಕ್ ಸ್ಟ್ಯಾಂಡಿಗೆ ಕಪ್ಪು ಇನ್ಸುಲೇಷನ್ ಟೇಪಿನಿಂದ ಸುತ್ತಿತ್ತು. "ಹೊಸಾ ಪೆಡಲ್ ತಗೊಳ್ಬಹುದಿತ್ತಲ್ಲ ಅಣ್ಣಾ, ಈಗ ಆನ್‌ಲೈನಲ್ಲೇ ಸಿಗ್ತದಲ್ಲ" ಅಂದೆ. "ಇದು ಕೆಟ್ಟಿಲ್ಲವಲ್ಲ" ಅಂದರು. ಕೆಟ್ಟಿರಲಿಲ್ಲ. ಆ ಸದ್ದು ಬಂದಾಗ ಅಣ್ಣನ ಮಗಳು ನನ್ನ ತೋಳು ಹಿಡಿದು, "ಚಿಕ್ಕಪ್ಪಾ, ಅದು ಯಾರು ಹಾಡ್ತಿರೋದು?" ಅಂತ ಕೇಳಿದಳು.

ವೇಷದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ವಿಗ್ ಹಾಕಿರಲಿಲ್ಲ, ಅದು ಒಳ್ಳೇದಾಯಿತು. ಕೂದಲು ಉಳಿದವರು ಅದನ್ನು ಬಾಚದೆ ಬಿಟ್ಟಿದ್ದರು, ಇಲ್ಲದವರು ತಲೆಗೆ ಕೆಂಪು ವಸ್ತ್ರ ಕಟ್ಟಿದ್ದರು. ಕಣ್ಣಿಗೆ ದಪ್ಪ ಕಾಡಿಗೆ, ಕೆನ್ನೆಗೆ ಬೆಳ್ಳಿ ಬಣ್ಣ. ನಾಟಕಗಳಿಗೆ ಬಣ್ಣ ಹಚ್ಚುವವರೊಬ್ಬರು ಬಂದು ಮಾಡಿದ್ದಂತೆ, ಅಚ್ಚುಕಟ್ಟಾಗಿತ್ತು. ಬೇಸ್ ನುಡಿಸುವವರು ಹಳೇ ಜಾಕೆಟ್ಟಿನ ಪಕ್ಕೆ ಬಿಚ್ಚಿಸಿ ಬಟ್ಟೆ ಸೇರಿಸಿ ಹೊಲಿಸಿದ್ದರು, ಬೆಳಕು ಬಿದ್ದಾಗ ಆ ಪಟ್ಟಿ ಕಾಣುತ್ತಿತ್ತು. ಅವರು ಅದನ್ನು ಮುಚ್ಚಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಈ ಸಂಗೀತಕ್ಕೆ ವೇಷ ಬೇಕು. ಜೀನ್ಸ್, ಟೀಶರ್ಟಿನಲ್ಲಿ ಬಂದು ಇದನ್ನೇ ನುಡಿಸಿದ್ದರೆ ಅರ್ಧ ಮಜಾ ಹೋಗುತ್ತಿತ್ತು.

ಡ್ರಮ್ಸಿನವರಿಗೆ ಎರಡೂ ಮಂಡಿ ನೋವು. ಹಾಗಾಗಿ ಎರಡೂ ಕಾಲಿನಿಂದ ಪೆಡಲ್ ವೇಗವಾಗಿ ಒತ್ತಬೇಕಾದ ಜಾಗಗಳಲ್ಲಿ ಕೈಯಲ್ಲಿ ಟಾಮ್ ಅನ್ನೋ ದೊಡ್ಡ ಡ್ರಮ್ ಬಾರಿಸಿ ಸರಿದೂಗಿಸಿದರು. ಡೆಫ್ ಲೆಪರ್ಡಿನ ರಿಕ್ ಆಲನ್ 1984ರ ಡಿಸೆಂಬರ್ 31ರ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ ಮೇಲೆ ಆ ಕೈಯ ಕೆಲಸವನ್ನು ಕಾಲಿನ ಪೆಡಲ್‌ಗಳಿಗೆ ಕೊಟ್ಟು ಮತ್ತೆ ಬ್ಯಾಂಡಿಗೆ ಬಂದವರು. ಇಲ್ಲಿ ಕಾಲಿನ ಕೆಲಸ ಕೈಗೆ ಬಂತು. ಡ್ರಮ್ ಸೋಲೋ ಮಾತ್ರ ಸ್ವಲ್ಪ ಉದ್ದವಾಯಿತು, ಅದನ್ನು ಅರ್ಧ ಮಾಡಬಹುದು.

ಬ್ಯಾಲಡ್‌ಗಳ, ಅಂದರೆ ನಿಧಾನದ ಭಾವುಕ ಹಾಡುಗಳ ಹೊತ್ತಿಗೆ ಮಳೆ ಜೋರಾಯಿತು. ತಗಡಿನ ಶೀಟಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಪಾಯ್ಸನ್ ಬ್ಯಾಂಡಿನ 1988ರ ಬ್ಯಾಲಡ್, ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತಲ್ಲ, ಅದನ್ನು ಬರೀ ಒಂದು ಅಕೂಸ್ಟಿಕ್ ಗಿಟಾರಿನಲ್ಲಿ ಶುರು ಮಾಡಿದ್ದರು. ಒಂದು ಚರಣ ಮುಗಿಯೋದರೊಳಗೆ ಗಿಟಾರು ಕೇಳಿಸದೇ ಹೋಯಿತು. ಮೈಕ್ ಏರಿಸಿದರೆ ಫೀಡ್‌ಬ್ಯಾಕ್ ಕೂಗುತ್ತದೆ. ಹಾಡುವವರು ಮೇಲೆ ನೋಡಿದರು, ನಕ್ಕರು, ಮೈಕಿನಿಂದ ಹಿಂದೆ ಸರಿದು ಕೈ ಎತ್ತಿ ನಮ್ಮ ಕಡೆ ತೋರಿಸಿದರು. ಹಾಲಿನಲ್ಲಿದ್ದವರೆಲ್ಲ ಹಾಡಿದರು. ಇಂಗ್ಲಿಷ್ ಸಾಲು ಪೂರ್ತಿ ಗೊತ್ತಿದ್ದವರು ಗೊತ್ತಿದ್ದಷ್ಟು, ಉಳಿದವರು ರಾಗ. ಅಡಿಕೆ ಮಂಡಿಯವರು, ಮೇಷ್ಟ್ರುಗಳು, ಗಂಡನ ಜೊತೆ ಬಂದು ಮೊದಲರ್ಧ ಕಿವಿ ಮುಚ್ಚಿಕೊಂಡಿದ್ದ ಹೆಂಗಸರು, ಎಲ್ಲರೂ. ನನ್ನಣ್ಣ ದೊಡ್ಡ ದನಿಯಲ್ಲಿ ಮಾತಾಡುವವನೇ ಅಲ್ಲ. ಅವನಿಗೆ ಮೂರು ಚರಣವೂ ಬಾಯಿಪಾಠ ಇತ್ತು. ಆಮೇಲೆ ಡ್ರಮ್ಸ್ ಸೇರಿಕೊಂಡಿತು, ಕೋರಸ್ಸಿನವರು ಸೇರಿದರು, ಗಿಟಾರ್ ಸೋಲೋ ಮಳೆಯನ್ನು ಸೀಳಿಕೊಂಡು ಬಂತು. ಪವರ್ ಬ್ಯಾಲಡ್ ಕಟ್ಟುವ ಕ್ರಮವೇ ಇದು, ಸಣ್ಣದಾಗಿ ಶುರುವಾಗಿ ಹಂತ ಹಂತವಾಗಿ ಏರಿ ಕೊನೆಗೆ ಒಮ್ಮೆಲೇ ತೆರೆದುಕೊಳ್ಳೋದು. ಅದನ್ನು ಯಾಂತ್ರಿಕ ಅಂತ ಅನ್ನುವವರು ಆ ಹಾಲಿಗೆ ಬಂದು ಕೂರಬೇಕಿತ್ತು.

ಅವರದ್ದೇ ಒಂದು ಕನ್ನಡ ಹಾಡೂ ಇತ್ತು, ಆಗಿನ ಕಾಲದಲ್ಲಿ ಮಾಡಿದ್ದು. ರಾಗ ಬಹಳ ಚೆನ್ನಾಗಿದೆ. ಕನ್ನಡದ ಮಾತುಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವಲ್ಲ, ಹಾಗಾಗಿ ಮೇಲಿನ ಸ್ಥಾಯಿಯಲ್ಲಿ ಬಾಯಿ ತೆರೆದು ಎಳೆಯಲು ಅವು ಇಂಗ್ಲಿಷಿಗಿಂತ ಸಲೀಸು. ಕೋರಸ್ಸಿನಲ್ಲಿ ಅದು ತುಂಬಾ ಚೆನ್ನಾಗಿ ಕೂತಿತ್ತು. ಸಾಹಿತ್ಯ ಮಾತ್ರ ಭಾರವಾಯಿತು, ಭಾವಗೀತೆಯ ಶಬ್ದಗಳನ್ನು ಎತ್ತಿಟ್ಟ ಹಾಗಿತ್ತು. ಕಾರ್ಖಾನೆ ಊರಿನ ಹುಡುಗರು ಮಾತಾಡುತ್ತಿದ್ದ ಕನ್ನಡದಲ್ಲೇ ಮತ್ತೆ ಬರೆಯಿರಿ ಅಂತ ಅವರಿಗೇ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡರು. ಇಂಥ ಇನ್ನೂ ನಾಲ್ಕು ಹಾಡು ಬೇಕು. ಇದು ನನ್ನ ಒತ್ತಾಯ.

ತಿಂಡಿ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಸ್ಟಾಲು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ. ಬಜ್ಜಿ ಬಿಸಿ ಬಿಸಿ ಇತ್ತು, ಇಂಟರ್ವಲ್ ಮುಗಿಯೋದರೊಳಗೆ ಖಾಲಿ. ಇಷ್ಟು ಜನಕ್ಕೆ ಎರಡು ಸ್ಟಾಲ್ ಬೇಕೇ ಬೇಕು. ಹೆಂಗಸರ ಟಾಯ್ಲೆಟ್ಟಿನ ಹತ್ತಿರ ಬಲ್ಬೇ ಇರಲಿಲ್ಲ ಅಂತ ಅಣ್ಣನ ಮಗಳು ಹೇಳಿದಳು, ಇದನ್ನು ಆಯೋಜಕರು ದಯವಿಟ್ಟು ಗಮನಿಸಿ. ಶೋ ಮುಗಿದಾಗ ಹನ್ನೊಂದು ಹತ್ತಿರ, ಆಮೇಲೆ ಊಟ ಹುಡುಕೋದು ಕಷ್ಟ. ದೂರದಿಂದ ಬರುವವರು ಮೊದಲೇ ಉಂಡು ಬನ್ನಿ. ಮಕ್ಕಳನ್ನು ಕರೆತಂದರೆ ಕಿವಿಗೆ ಹತ್ತಿಯಾದರೂ ಇಡಿ. ಸ್ಪೀಕರಿನ ಎದುರು ಎರಡು ವರ್ಷದ ಮಗುವನ್ನು ಹೊತ್ತು ನಿಂತಿದ್ದವರನ್ನು ನೋಡಿ ನಾನೇ ಹೋಗಿ ಹಿಂದೆ ಕಳಿಸಿದೆ.

600ರ ಟಿಕೆಟ್ ಬಗ್ಗೆ ಒಂದು ಮಾತು. ಅದು ಮುಂದಿನ ಕುರ್ಚಿಗಳು. ನಾವು ಅದನ್ನೇ ತಗೊಂಡಿದ್ದೆವು. ಕೂತು ನೋಡುವ ಶೋ ಇದಲ್ಲ. ಮುಂದೆ ಕೂತವರಿಗೆ ಎದ್ದು ಕುಣಿಯೋಕೆ ಸಂಕೋಚ, ಹಿಂದಿನವರಿಗೆ ಅಡ್ಡ ಆಗುತ್ತದೆ ಅಂತ. ಅಲ್ಲದೆ ಮುಂದಿನ ಎರಡು ಸಾಲು ಪಾಸಿನವರದ್ದು, ಸನ್ಮಾನ ಮುಗಿದ ಮೇಲೆ ಅದರಲ್ಲಿ ಅರ್ಧ ಖಾಲಿಯಾಯಿತು. ಖಾಲಿ ಕುರ್ಚಿ ನೋಡಿಕೊಂಡು ಹಾಡುವವರಿಗೆ ಹೇಗನಿಸಬೇಡ? ನಿಜವಾದ ಶೋ ನಡೆದಿದ್ದು 300ರ ಜಾಗದಲ್ಲಿ, ಹಿಂದೆ ನಿಂತವರಲ್ಲಿ. ಅಲ್ಲಿ ಸೌಂಡೂ ಚೆನ್ನಾಗಿತ್ತು, ಯಾಕೆಂದರೆ ಮಿಕ್ಸರ್ ಇದ್ದಿದ್ದೂ ಅಲ್ಲೇ ಪಕ್ಕದಲ್ಲಿ. ಸನ್ಮಾನದ ನಂತರ ನಾವು ಮೂವರೂ ಕುರ್ಚಿ ಬಿಟ್ಟು ಅಲ್ಲಿಗೇ ಹೋದೆವು. ಆಯೋಜಕರು ಮುಂದಿನ ಸಲ ಕುರ್ಚಿಗಳನ್ನು ಹಿಂದಕ್ಕೂ ಎರಡೂ ಬದಿಗೂ ಹಾಕಿ, ಸ್ಟೇಜಿನ ಎದುರಿನ ಜಾಗ ಪೂರ್ತಿ ನಿಲ್ಲುವವರಿಗೆ ಬಿಟ್ಟುಕೊಡಬೇಕು. ಸೌಂಡಿನವರನ್ನು ಮಧ್ಯಾಹ್ನವೇ ಕರೆಸಿ ಬ್ಯಾಂಡಿನ ಜೊತೆ ಸರಿಯಾಗಿ ಸೌಂಡ್ ಚೆಕ್ ಮಾಡಿಸಬೇಕು. ಇವೆರಡಕ್ಕೂ ಹೆಚ್ಚು ಖರ್ಚೇನೂ ಇಲ್ಲ.

ಮಳೆಗಾಲ ಮುಗಿದ ಮೇಲೆ ಸಾಗರದಲ್ಲಿ ಒಂದು ಮಾಡುವ ಮಾತು ನಡೆಯುತ್ತಿದೆ ಅಂತ ಕೀಬೋರ್ಡಿನವರು ಹೇಳಿದರು, ದಿನ ಇನ್ನೂ ಗೊತ್ತಾಗಿಲ್ಲ. ಕೊಯ್ಲು ಶುರುವಾಗೋ ಮೊದಲೇ ಇಟ್ಟರೆ ನಮ್ಮ ಕಡೆಯ ಜನ ಬರುತ್ತಾರೆ ಅಂತ ಅಣ್ಣ ಅವರ ನಂಬರ್ ತಗೊಂಡು ಆಗಲೇ ತಾಕೀತು ಮಾಡಿದ್ದಾನೆ. ಅವನ ಮಗಳು ತನ್ನ ಕಾಲೇಜಿನ ಇನ್ನೂ ಮೂವರನ್ನು ಒಪ್ಪಿಸಿದ್ದಾಳೆ. ಎಲ್ಲರಿಗೂ 300ರದ್ದೇ.